ಪೂರ್ವಪಕ್ಷವಿಲ್ಲದ ಪಾಠ

ಬೆಂಗಳೂರಿನಲ್ಲಿಯೂ ನೆಲಮಂಗಲದಂತಹ ಸುತ್ತಣ ಊರುಗಳಲ್ಲಿಯೂ ಮಕ್ಕಳನ್ನು ಶಾಲೆಗೆ ಕಳುಹದೆ ಮನೆಯಲ್ಲಿಯೇ ಓದಿಸುವ ಗೃಹಸ್ಥರು ಈಗ ಅಲ್ಲಲ್ಲಿ ಕಾಣಬರುತ್ತಾರೆ. ಶಾಲೆಯ ಬಾಯಿಪಾಠವು ಬೇಡವೆಂಬುದು ಅವರ ವಾದ. ಆ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಇತಿಹಾಸವನ್ನು ಕಲಿಸಬೇಕಾದಾಗ ಇವರು ಮಾಡುವುದೇನು? ಹೊರದೇಶದ ಪಂಡಿತರ ಧ್ವನಿಮುದ್ರಿತ ಉಪನ್ಯಾಸಮಾಲೆಗಳನ್ನು ಹಣ ತೆತ್ತು ತರಿಸುತ್ತಾರೆ. ಉಪನ್ಯಾಸಗಳು ಎಷ್ಟು, ಚಿತ್ರಗಳು ಎಂಥವು, ಕಂಠವು ಎಷ್ಟು ಇಂಪಾದುದು ಎಂಬಿವೇ ಆಯ್ಕೆಯ ಪ್ರಮಾಣಗಳು! ರಟ್ಟಿನ ಬಣ್ಣವನ್ನು ನೋಡಿ ಗ್ರಂಥವನ್ನು ಕೊಳ್ಳುವವನ ವಿವೇಕಕ್ಕೂ ಇದಕ್ಕೂ ಭೇದವಿಲ್ಲ.

ದೋಷವು ಯಂತ್ರದಲ್ಲಿಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ದೂರದರ್ಶನದ ಚಂದನ ವಾಹಿನಿಯಲ್ಲಿ ಬಂದ ಪಾಠಗಳು ಎಷ್ಟೋ ಮಕ್ಕಳಿಗೆ ಆಧಾರವಾದುವು. ಆದರೆ ಎದುರಿಗೆ ಕುಳಿತ ಗುರುವನ್ನು ಶಿಷ್ಯನು, "ಇದು ಹೇಗೆ ತಿಳಿಯಿತು?" ಎಂದು ಕೇಳಬಹುದು, ಮುದ್ರಿತವಾದ ಧ್ವನಿಯನ್ನು ಕೇಳಲಾಗದು. ಆದುದರಿಂದ ಕೇಳುವ ಮುನ್ನವೇ ಆ ಪ್ರಶ್ನೆಗೆ ಉತ್ತರವಿತ್ತ ಉಪನ್ಯಾಸವೊಂದೇ ಗ್ರಾಹ್ಯವು. ಶಾಸ್ತ್ರಗಳಲ್ಲಿ ಪೂರ್ವಪಕ್ಷವನ್ನು ಮುಂದಿಡದೆ ಸಿದ್ಧಾಂತವನ್ನು ಸಾರುವುದುಂಟೇ?

ದೃಷ್ಟಾಂತಕ್ಕೆ ದೂರ ಹೋಗಬೇಕಾಗಿಲ್ಲ. ನೆಲಮಂಗಲ ತಾಲ್ಲೂಕಿನ ಮಣ್ಣೆಯೇ ಗಂಗರ ಮಾನ್ಯಪುರ. ಎಂಟನೆಯ ಶತಮಾನದಲ್ಲಿ ಶ್ರೀಪುರುಷನ ರಾಜಧಾನಿ. ಅಲ್ಲಿ ದೊರೆತ ಶಕ 724ರ, ಎಂದರೆ ಕ್ರಿ. ಶ. 802ರ ತಾಮ್ರಶಾಸನವು ರಾಷ್ಟ್ರಕೂಟ ಮೂರನೆಯ ಗೋವಿಂದನ ಕಾಲದ್ದು. ಅದಕ್ಕೆ ಎರಡೇ ವರ್ಷ ಮುಂಚೆ, 800ರಲ್ಲಿ, ರೋಮಿನಲ್ಲಿ ಶಾರ್ಲಮೇನನಿಗೆ ಚಕ್ರವರ್ತಿಪಟ್ಟವಾಯಿತು. ಆ ಪಟ್ಟಾಭಿಷೇಕವನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಬಲ್ಲ ಬಾಲಕನು ಮಣ್ಣೆಯ ಹೆಸರನ್ನೇ ಅರಿಯನೆಂದರೆ, ಅದು ವಿಶಾಲವಾದ ವಿದ್ಯೆಯೋ, ಬುಡವಿಲ್ಲದ ವಿದ್ಯೆಯೋ?

ಬಿ. ಎಲ್. ರೈಸರು 1905ರಲ್ಲಿ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೆಯ ಸಂಪುಟದಲ್ಲಿ ಈ ತಾಲ್ಲೂಕಿನ ಶಾಸನಗಳ ಮೂಲವೂ ಇಂಗ್ಲಿಷ್ ಅನುವಾದವೂ ಇವೆ. ಅದು ಈಗ ಅಂತರ್ಜಾಲದಲ್ಲಿ ಕಾಸಿಲ್ಲದೆ ದೊರೆಯುತ್ತದೆ. ಗಂಗರ ತಾಮ್ರಶಾಸನಗಳಲ್ಲಿ ಅನೇಕವು ಕೂಟಶಾಸನಗಳೆಂದು ಫ್ಲೀಟರು ವಾದಿಸಿದರು, ರೈಸರು ಒಪ್ಪಲಿಲ್ಲ. ಇಬ್ಬರು ವಿದ್ವಾಂಸರು ಒಂದೇ ರಾಜವಂಶದ ಶಾಸನಗಳನ್ನು ಓದಿ ಎರಡು ನಿರ್ಣಯಕ್ಕೆ ಬಂದುದೇಕೆಂದು ಯೋಚಿಸಿದ ಮಗುವಿಗೆ ಇತಿಹಾಸವೆಂದರೇನೆಂಬುದು ಹೊಳೆಯುವುದು. ನೂರು ಗಂಟೆಗಳ ಇಂಪಾದ ಕಥನದಿಂದ ಅದು ಹೊಳೆಯದು.

"ಮನೆಯಲ್ಲಿ ಶಾಸನ ಬಲ್ಲವರಿಲ್ಲ, ಪರೀಕ್ಷೆಯಲ್ಲಿ ಇದನ್ನು ಕೇಳುವುದೂ ಇಲ್ಲ" ಎಂಬುದು ಪ್ರತಿವಾದ. ಮನೆಯಲ್ಲಿ ಓದಿದ ಮಕ್ಕಳಲ್ಲಿ ಅನೇಕರು ಕೂರುವುದು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಪರೀಕ್ಷೆಗೆ. ಅದರ ಪಠ್ಯವನ್ನು ಆ ಸಂಸ್ಥೆಯೇ ಒದಗಿಸುತ್ತದೆ. ಹಾಗಾದರೆ ದುಬಾರಿ ಉಪನ್ಯಾಸಮಾಲೆಯಾದರೂ ಏಕೆ? ಶಾಸನ ಬಾರದ ತಂದೆತಾಯಿಗಳು ಅನುವಾದವನ್ನು ಮಗುವಿನೊಡನೆ ಕುಳಿತು ಓದಲಿ. ತಿಳಿಯದುದನ್ನು ತಿಳಿಯದೆಂದೇ ಹೇಳಲಿ.

ಹಣ ಕೊಡುವ ಮುನ್ನ ಒಂದು ಉಪನ್ಯಾಸವನ್ನು ಮನೆಯವರೆಲ್ಲ ಕೂಡಿ ಕೇಳಲಿ. ಯಾವ ಶಾಸನ, ಯಾವ ನಾಣ್ಯ, ಯಾವ ಪತ್ರದಿಂದ ಈ ಮಾತು ಬಂದಿತೆಂದು ಉಪನ್ಯಾಸಕನು ಹೇಳಿದನೇ? ಒಪ್ಪದವರ ಮತವನ್ನು ತಿಳಿಸಿದನೇ? ಎರಡೂ ಇಲ್ಲವಾದರೆ ಬಿಡುವುದೇ ಲೇಸು. ಬಾಯಿಪಾಠಕ್ಕೆ ಹೇಸಿ ಮಗುವನ್ನು ಶಾಲೆಯಿಂದ ಬಿಡಿಸಿ, ಅದೇ ಬಾಯಿಪಾಠವನ್ನು ಬೆಲೆ ಕೊಟ್ಟು ಮನೆಗೆ ತಂದರೆ ಲಾಭವೇನು?