ಕಾರಿನ ಬ್ರೇಕ್ ಪ್ಯಾಡುಗಳೂ ಗೃಹಸ್ಥನ ಉಪಕರಣಗಳೂ

ಮಹಾನವಮಿಯ ದಿನ ಕಾರನ್ನು ತೊಳೆದು, ಹೂವಿನ ಹಾರವನ್ನು ಹಾಕಿ, ಬೂದುಗುಂಬಳವನ್ನು ನಿವಾಳಿಸಿ, ಚಕ್ರದಡಿಯಲ್ಲಿ ನಿಂಬೆಯ ಹಣ್ಣನ್ನಿಡದ ಗೃಹಸ್ಥರು ನಮ್ಮ ನಾಡಿನಲ್ಲಿ ವಿರಳ. ಆಯುಧಪೂಜೆಯು ಒಳ್ಳೆಯ ಆಚಾರವೇ ಸರಿ. ಆದರೆ ಆ ಚಕ್ರದ ಮರೆಯಲ್ಲಿದ್ದುಕೊಂಡು, ದಿನದಿನವೂ ತಾನು ಸವೆದು ನಮ್ಮನ್ನು ಕಾಯುವ ವಸ್ತುವೊಂದುಂಟು. ಅದನ್ನು ವರ್ಷಕ್ಕೊಮ್ಮೆಯಾದರೂ ಇಣಿಕಿ ನೋಡುವವರೆಷ್ಟು ಮಂದಿ? ಅದೇ ಬ್ರೇಕ್ ಪ್ಯಾಡು. ಅದನ್ನು ಮನೆಯಲ್ಲಿಯೇ ಬದಲಾಯಿಸಬೇಕೆಂಬವರಿಗೆ ಬೇಕಾಗುವ ಉಪಕರಣಗಳನ್ನು ಈ ತಿಂಗಳು ವಿವರಿಸಬೇಕೆಂದಿದ್ದೇವೆ.

ಚಕ್ರದೊಡನೆ ತಿರುಗುವ ಲೋಹದ ಬಿಲ್ಲೆಗೆ ಡಿಸ್ಕು ಎಂದು ಹೆಸರು. ಅದನ್ನು ಎರಡು ಕಡೆಗಳಿಂದಲೂ ಅದುಮಿ ಹಿಡಿಯುವ ಗಟ್ಟಿ ಹಲಗೆಗಳೇ ಪ್ಯಾಡುಗಳು. ಅವುಗಳನ್ನು ಧರಿಸಿರುವ ಇಕ್ಕಳದಂತಹ ಅಂಗವೇ ಕ್ಯಾಲಿಪರ್. ಆಂಗ್ಲದೇಶದ ಲ್ಯಾಂಚೆಸ್ಟರ್ ಎಂಬ ಯಂತ್ರಶಿಲ್ಪಿಯು 1902ರಲ್ಲಿಯೇ ಈ ಬಗೆಯ ಬ್ರೇಕಿಗೆ ಪೇಟೆಂಟು ಪಡೆದನು. 1953ರಲ್ಲಿ ಫ್ರಾನ್ಸಿನ ಲ ಮಾನ್ಸ್ ಪಂದ್ಯವನ್ನು ಡಿಸ್ಕ್ ಬ್ರೇಕುಳ್ಳ ಜಾಗ್ವಾರ್ ಕಾರು ಗೆದ್ದ ಮೇಲೆ ಇದರ ಪ್ರಸಿದ್ಧಿಯು ಹೆಚ್ಚಿತು. ನಮ್ಮಲ್ಲಿಯ ಸಣ್ಣ ಕಾರುಗಳಲ್ಲಿ ಬಹುಮಟ್ಟಿಗೆ ಮುಂದಿನ ಚಕ್ರಗಳಿಗೆ ಡಿಸ್ಕು, ಹಿಂದಿನವುಗಳಿಗೆ ಡ್ರಮ್ಮು. ಡ್ರಮ್ಮಿನ ಕೆಲಸವು ಬೇರೆ. ಇಲ್ಲಿ ಹೇಳುವುದೆಲ್ಲವೂ ಮುಂದಿನ ಚಕ್ರಗಳಿಗೆ ಸಂಬಂಧಿಸಿದುದು.

ಪ್ಯಾಡಿನ ಉಜ್ಜುವ ಭಾಗವು ಸುಮಾರು 3 ಮಿಲಿಮೀಟರಿಗೆ ಇಳಿಯಿತೆಂದರೆ ಬದಲಾಯಿಸತಕ್ಕದ್ದು. ಬ್ರೇಕು ಒತ್ತಿದಾಗ ಕೀಚಲು ದನಿ ಕೇಳಿಬಂದರೆ, ಸವೆತವನ್ನು ಸೂಚಿಸಲೆಂದೇ ಇಟ್ಟಿರುವ ಲೋಹದ ನಾಲಗೆಯು ಡಿಸ್ಕಿಗೆ ತಾಗುತ್ತಿರಬಹುದು. ಅದನ್ನು ಅಲಕ್ಷಿಸಿದರೆ ಲೋಹಕ್ಕೆ ಲೋಹ ಉಜ್ಜಿ ಡಿಸ್ಕೂ ಕೆಡುವುದು.

ಕ್ರಿಯೆಯ ಸಿದ್ಧಿಗೆ ಎಲ್ಲಕ್ಕಿಂತಲೂ ಹೆಚ್ಚಾಗಿ ನೆರವಾಗುವುದನ್ನು ವೈಯಾಕರಣರು 'ಕರಣ'ವೆಂದು ಕರೆದರು. ಕರಣವು ತಕ್ಕುದಲ್ಲದಿದ್ದರೆ ಕರ್ತನು ಎಷ್ಟು ಸಮರ್ಥನಾದರೂ ಕಾರ್ಯವು ಕೆಡುವುದು. ಈ ಕೆಲಸದಲ್ಲಂತೂ ಕೆಡುವುದು ಕಾರ್ಯವೊಂದೇ ಅಲ್ಲ, ಪ್ರಾಣಕ್ಕೂ ಕುತ್ತು.

ಮೊದಲನೆಯದಾಗಿ, ಎತ್ತಿ ನಿಲ್ಲಿಸುವ ಸಾಧನಗಳು. ಕಾರಿನೊಡನೆ ಬರುವ ಜಾಕು ಸ್ಟೆಪ್ನಿ ಹಾಕುವಷ್ಟು ಹೊತ್ತಿನ ಕೆಲಸಕ್ಕೆ ಮಾತ್ರವೇ ತಕ್ಕುದು. ಜಾಕು ಎತ್ತುವುದಕ್ಕೆ, ಸ್ಟ್ಯಾಂಡು ಹೊರುವುದಕ್ಕೆ ಎಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು. ಕಾರಿನ ಭಾರವನ್ನು ತಾಳುವ ಎರಡು ಉಕ್ಕಿನ ಸ್ಟ್ಯಾಂಡುಗಳೂ, ಹಿಂದಿನ ಚಕ್ರಗಳಿಗೆ ಒಡ್ಡುವ ಮರದ ತುಂಡುಗಳೂ ಅವಶ್ಯ. ಇಟ್ಟಿಗೆಗಳನ್ನೂ ಸಿಮೆಂಟಿನ ಟೊಳ್ಳು ಬ್ಲಾಕುಗಳನ್ನೂ ಆಸರೆಗೆ ಇಡಲೇಕೂಡದು. ಅವು ಯಾವ ಮುನ್ಸೂಚನೆಯೂ ಇಲ್ಲದೆ ಸಿಡಿದು ಪುಡಿಯಾಗುವುವು. ನೆಲವು ಸಮವಾಗಿಯೂ ಗಟ್ಟಿಯಾಗಿಯೂ ಇರಬೇಕು. ಕಳಚಿದ ಚಕ್ರವನ್ನು ಕಾರಿನ ಅಂಚಿನಡಿಯಲ್ಲಿ ಮಲಗಿಸಿದರೆ ಅದೂ ಒಂದು ಕಾವಲು.

ಎರಡನೆಯದಾಗಿ, ಬಿಚ್ಚುವ ಸಾಧನಗಳು. ಚಕ್ರದ ನಟ್ಟುಗಳಿಗೆ ವೀಲ್ ಸ್ಪ್ಯಾನರು. ಚಕ್ರವು ನೆಲದಲ್ಲಿರುವಾಗಲೇ ಅವನ್ನು ಸ್ವಲ್ಪ ಸಡಿಲಿಸಿ, ಆಮೇಲೆ ಎತ್ತತಕ್ಕದ್ದು. ಕ್ಯಾಲಿಪರಿನ ಬೋಲ್ಟುಗಳಿಗೆ ಸಾಕೆಟ್ಟುಗಳ ಒಂದು ಪೆಟ್ಟಿಗೆ ಸಾಕು. 12, 14, 17 ಮಿಲಿಮೀಟರಿನವು ಹೆಚ್ಚಾಗಿ ಬೇಕಾಗುತ್ತವೆ. ಸರಿಯಾದ ಅಳತೆಗಳನ್ನು ಕಾರಿನ ಪುಸ್ತಕದಲ್ಲಿಯೋ ಬೋಲ್ಟಿನ ಮೇಲೆಯೇ ಹಾಕಿ ನೋಡಿಯೋ ನಿಶ್ಚಯಿಸಿಕೊಳ್ಳಬೇಕು. ಬಿಚ್ಚಿದ ಕ್ಯಾಲಿಪರನ್ನು ಅದರ ರಬ್ಬರು ಕೊಳವೆಯಿಂದ ಜೋತುಬೀಳಲು ಬಿಡಬಾರದು. ಒಂದು ಗಟ್ಟಿ ತಂತಿಯಿಂದ ಮೇಲಕ್ಕೆ ಕಟ್ಟಬೇಕು.

ಮೂರನೆಯದಾಗಿ, ಒತ್ತುವ ಸಾಧನ. ಹೊಸ ಪ್ಯಾಡು ದಪ್ಪವಾಗಿರುವುದರಿಂದ ಕ್ಯಾಲಿಪರಿನೊಳಗಿನ ಪಿಸ್ಟನ್ನನ್ನು ಹಿಂದಕ್ಕೆ ತಳ್ಳದೆ ಅದು ಕೂರದು. ಇದಕ್ಕೆ ಬಡಗಿಗಳ ಸಿ ಕ್ಲಾಂಪು ಸಾಕು. ಹಳೆಯ ಪ್ಯಾಡನ್ನು ಪಿಸ್ಟನ್ನಿಗೆ ಅಡ್ಡಲಾಗಿಟ್ಟು ಮೆಲ್ಲಮೆಲ್ಲನೆ ತಿರುಗಿಸಬೇಕು. ಆಗ ಬ್ರೇಕ್ ಆಯಿಲು ಬಾನೆಟ್ಟಿನೊಳಗಿನ ಪಾತ್ರೆಗೆ ಹಿಂದಿರುಗಿ ಮೇಲೇರುವುದು. ಅದು ಉಕ್ಕಿ ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನು ತಿನ್ನುವುದಾದ್ದರಿಂದ ಮೊದಲೇ ಮುಚ್ಚಳವನ್ನು ಸಡಿಲಿಸಿ, ಸುತ್ತಲೂ ಬಟ್ಟೆಯನ್ನು ಹೊದಿಸಬೇಕು.

ನಾಲ್ಕನೆಯದಾಗಿ, ಶುದ್ಧಿಯ ಸಾಧನಗಳು: ತಂತಿಯ ಬ್ರಷ್ಷು, ಬ್ರೇಕ್ ಕ್ಲೀನರಿನ ಡಬ್ಬಿ, ಕೈಗವಸು, ಮೂಗಿಗೆ ಮುಸುಕು. ಬ್ರೇಕಿನ ಧೂಳನ್ನು ಊದಿಯಾಗಲಿ, ಗಾಳಿಯ ಪಂಪಿನಿಂದಾಗಲಿ ಹಾರಿಸಬಾರದು, ಒದ್ದೆ ಮಾಡಿ ಒರೆಸಬೇಕು. ಅದು ಶ್ವಾಸಕೋಶಕ್ಕೆ ಅಹಿತಕರ. ಹಳೆಯ ಪ್ಯಾಡುಗಳಲ್ಲಿ ಆಸ್‌ಬೆಸ್ಟಾಸೂ ಇರಬಹುದು. ಕ್ಯಾಲಿಪರು ಜಾರುವ ಪಿನ್ನುಗಳಿಗೆ ಬಿಸಿಯನ್ನು ತಾಳುವ ಬ್ರೇಕ್ ಗ್ರೀಸನ್ನು ತೆಳ್ಳಗೆ ಸವರಬೇಕು. ಪ್ಯಾಡಿನ ಮುಖಕ್ಕೂ ಡಿಸ್ಕಿಗೂ ಅದರ ಸೋಂಕು ಕೂಡದು.

ಐದನೆಯದು ಟಾರ್ಕ್ ರೆಂಚು. ಬೋಲ್ಟು ಸಡಿಲವಾದರೆ ಕಳಚುವುದು, ಅತಿಯಾದರೆ ಮುರಿಯುವುದು. ಆದುದರಿಂದ ಪುಸ್ತಕದಲ್ಲಿ ಹೇಳಿರುವ ಬಿಗಿತವನ್ನೇ ಕೊಡಬೇಕು. ಚಕ್ರದ ನಟ್ಟುಗಳನ್ನು ವರಸೆಯಾಗಿ ಬಿಗಿಯದೆ, ಎದುರುಬದುರಾಗಿ ಬಿಗಿಯತಕ್ಕದ್ದು.

ಒಂದು ಚಕ್ರದ ಕೆಲಸವು ಮುಗಿಯುವವರೆಗೆ ಇನ್ನೊಂದನ್ನು ಬಿಚ್ಚದಿರುವುದು ಲೇಸು. ಸಂದೇಹ ಬಂದಾಗ ಅದೇ ಮಾದರಿಯಾಗುವುದು. ಆದರೆ ಎಡಬಲಗಳೆರಡಕ್ಕೂ ಹೊಸ ಪ್ಯಾಡು ಹಾಕಲೇಬೇಕು. ಇಲ್ಲವಾದರೆ ಬ್ರೇಕು ಒತ್ತಿದಾಗ ಕಾರು ಒಂದು ಪಕ್ಕಕ್ಕೆ ಎಳೆಯಬಹುದು.

ಇನ್ನು ಎಲ್ಲಕ್ಕಿಂತಲೂ ಮುಖ್ಯವಾದ ಮಾತು. ಕೆಲಸ ಮುಗಿದೊಡನೆ ಬ್ರೇಕಿನ ಪೆಡಲನ್ನು ಮೊದಲು ಒತ್ತಿದಾಗ ಅದು ತಳದವರೆಗೂ ಕುಸಿಯಬಹುದು. ತಳ್ಳಿದ ಪಿಸ್ಟನ್ನು ಇನ್ನೂ ಪ್ಯಾಡನ್ನು ಮುಟ್ಟಿಲ್ಲವಷ್ಟೆ. ಪೆಡಲು ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿ, ಆಯಿಲಿನ ಮಟ್ಟವನ್ನು ನೋಡಿ, ಆಮೇಲೆಯೇ ಕಾರನ್ನು ಕದಲಿಸಬೇಕು. ಇದನ್ನು ಮರೆತವನ ಕಾರು ಎದುರಿನ ಗೋಡೆಗೆ ಹೋಗಿ ನಿಲ್ಲುವುದು. ಬಳಿಕ ನಿರ್ಜನವಾದ ರಸ್ತೆಯಲ್ಲಿ ಮೆಲ್ಲನೆ ಓಡಿಸಿ ಪರೀಕ್ಷಿಸಬೇಕು. ಹೊಸ ಪ್ಯಾಡು ಡಿಸ್ಕಿನೊಡನೆ ಹೊಂದಿಕೊಳ್ಳುವ ಮುನ್ನವೇ ಚಾರ್ಮಾಡಿಯಂತಹ ಘಟ್ಟವನ್ನು ಇಳಿಯಹೊರಡುವುದು ವಿವೇಕವಲ್ಲ.

ಆಯಿಲು ಸೋರುತ್ತಿದ್ದರೆ, ಪಿಸ್ಟನ್ನಿನ ರಬ್ಬರು ಹರಿದಿದ್ದರೆ, ಡಿಸ್ಕು ಅದರ ಮೇಲೆ ಕೆತ್ತಿರುವ ಕನಿಷ್ಠ ದಪ್ಪಕ್ಕಿಂತ ಸವೆದಿದ್ದರೆ, ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಬಲ್ಲ ಮೆಕ್ಯಾನಿಕ್ಕನ್ನು ಕರೆಯಿಸತಕ್ಕದ್ದು. ಹಿಂದಿನ ಚಕ್ರಕ್ಕೂ ಡಿಸ್ಕು ಇರುವ ಕಾರುಗಳಲ್ಲಿ ಕೆಲವಕ್ಕೆ ಪಿಸ್ಟನ್ನನ್ನು ತಿರುಗಿಸುತ್ತಲೇ ಒಳಗೆ ಕಳುಹಿಸಬೇಕಾಗುವುದು; ವಿದ್ಯುತ್ತಿನ ಹ್ಯಾಂಡ್‌ಬ್ರೇಕು ಇರುವವು ಇನ್ನೂ ಸೂಕ್ಷ್ಮ. ಅವು ಗೃಹಸ್ಥನ ಪೆಟ್ಟಿಗೆಗೆ ಎಟುಕುವ ಕೆಲಸಗಳಲ್ಲ.

ತಾವು ಕೈ ಹಚ್ಚದವರಿಗೂ ಈ ತಿಳಿವಳಿಕೆಯು ವ್ಯರ್ಥವಲ್ಲ. ಗ್ಯಾರೇಜಿನಲ್ಲಿ ಹಳೆಯ ಪ್ಯಾಡನ್ನು ತೋರಿಸೆಂದು ಕೇಳಿ, ಅದರ ದಪ್ಪವನ್ನು ನೋಡಿ ಹಣ ಕೊಡುವವನು ಮೋಸಹೋಗನು. ಮುಂದಿನ ಮಹಾನವಮಿಗೆ ಹಾರ ಹಾಕುವ ಮುನ್ನ, ಚಕ್ರದ ಸಂದಿನಲ್ಲಿ ಒಂದು ದೀಪವನ್ನು ಹಿಡಿದು ಪ್ಯಾಡು ಎಷ್ಟು ಉಳಿದಿದೆಯೆಂದು ನೋಡಿರಿ. ಅದೂ ಪೂಜೆಯ ಒಂದಂಗವೇ.