ಮನೆಯ ದೂರವಾಣಿ ಇರಬೇಕೆ, ಬೇಡವೆ?

ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಬಂದಿದ್ದ ಮಗ ನಡುಮನೆಯ ಮೂಲೆಯಲ್ಲಿರುವ ದೂರವಾಣಿಯನ್ನು ನೋಡಿ, "ಅಪ್ಪ, ಇದನ್ನಿನ್ನೂ ಏಕೆ ಇಟ್ಟುಕೊಂಡಿದ್ದೀರಿ?" ಎಂದು ಕೇಳಿದ. ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತೇವೆ, ಕರೆ ಮಾಡುವುದೆಲ್ಲ ಮೊಬೈಲಿನಿಂದ. ಅವನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ನನಗೆ ಮಾತ್ರ ಸರಿಯಾದ ಉತ್ತರ ಹೊಳೆಯಲಿಲ್ಲ. ಆಮೇಲೆ ನಾನು ಒಂದು ತೀರ್ಮಾನಕ್ಕೆ ಬಂದೆ. ಕೆಲವೇ ದಿನಗಳಲ್ಲಿ ಅದನ್ನು ಬದಲಾಯಿಸಿದೆ. ಅದು ಹೇಗಾಯಿತೆಂಬುದನ್ನು ನನ್ನ ಹಳೆಯ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ತಿಳಿಸಬೇಕಾಗಿದೆ.

ಶಿವಮೊಗ್ಗದ ಈ ಮನೆಗೆ ದೂರವಾಣಿ ಬಂದದ್ದು 1993ರಲ್ಲಿ. ಅರ್ಜಿ ಹಾಕಿದ್ದು 1987ರಲ್ಲಿ. ಆರು ವರ್ಷ ಕಾದದ್ದನ್ನು ಈಗಿನವರು ನಂಬಲಾರರು. ಆದರೆ ಅಂದು ಅದು ವಿಶೇಷವೇನೂ ಅಲ್ಲ. 1948ರಲ್ಲಿ ಬೆಂಗಳೂರಿನಲ್ಲಿ ಐ.ಟಿ.ಐ. ಕಾರ್ಖಾನೆ ಆರಂಭವಾಗಿ, ಅದರ ಸುತ್ತ ದೂರವಾಣಿನಗರವೆಂಬ ಬಡಾವಣೆಯೇ ಬೆಳೆದಿದ್ದರೂ, ಫೋನು ಬೇಕೆನ್ನುವವರ ಸಾಲು ಕರಗಿರಲಿಲ್ಲ. ನಮ್ಮ ದೇಶದಲ್ಲೇ ರೂಪುಗೊಂಡ ಸಿ-ಡಾಟ್ ಸಂಸ್ಥೆಯ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರವು 1986ರಲ್ಲಿ ಕಿತ್ತೂರಿನಲ್ಲಿ ಕೆಲಸ ಆರಂಭಿಸಿದ ಮೇಲೆ ಸಣ್ಣ ಊರುಗಳಿಗೂ ಒಂದೊಂದಾಗಿ ಭಾಗ್ಯ ತೆರೆಯಿತು.

ನಮ್ಮ ಬೀದಿಯಲ್ಲಿ ಮೊದಲ ಫೋನು ನಮ್ಮದೇ. ಹತ್ತಾರು ಮನೆಯವರು ತಮ್ಮ ಲಗ್ನಪತ್ರಿಕೆಗಳಲ್ಲಿ ನಮ್ಮ ಸಂಖ್ಯೆಯನ್ನು ಕೊಟ್ಟು ಪಕ್ಕದಲ್ಲಿ 'ಪಿ.ಪಿ.' ಎಂದು ಅಚ್ಚುಹಾಕಿಸಿದರು. ಕರೆ ಬಂದಾಗ ಯಾರನ್ನು ಕರೆಯಬೇಕೋ ಅವರ ಮನೆಯವರೆಗೆ ಓಡುತ್ತಿದ್ದವಳು ನನ್ನ ಹೆಂಡತಿ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನಿಮ್ಮಲ್ಲಿ ಎಷ್ಟೋ ಮಂದಿ ನಮ್ಮ ಜಗಲಿಯಲ್ಲಿ ಕುಳಿತಿದ್ದಿರಿ. ಪಾಸಾದವರಿಗೂ ನಪಾಸಾದವರಿಗೂ ಅವಳು ಒಂದೇ ಲೋಟದಲ್ಲಿ ಅಳೆದು ಕಾಫಿ ಕೊಡುತ್ತಿದ್ದಳು.

ಆದರೆ ಹಳೆಯ ನೆನಪಿಗಾಗಿ ಹೊಸ ಬಿಲ್ಲು ಕಟ್ಟಬಾರದೆಂಬುದು ನನ್ನ ಮತ. 2013ರ ಜುಲೈಯಲ್ಲಿ ತಂತಿ ಸೇವೆ ನಿಂತಾಗ ಕಣ್ಣೀರಿಟ್ಟವರಲ್ಲಿ ನಾನೂ ಒಬ್ಬ. ಅದಕ್ಕೆ ಹಿಂದಿನ ಹತ್ತು ವರ್ಷಗಳಲ್ಲಿ ನಾನು ಒಂದೇ ಒಂದು ತಂತಿಯನ್ನೂ ಕಳುಹಿಸಿರಲಿಲ್ಲ. ಬಳಸದೆ ಬಿಟ್ಟವರು ಸತ್ತ ಮೇಲೆ ಹಾಡಿ ಹೊಗಳುವುದು ಪ್ರಾಮಾಣಿಕತೆಯಲ್ಲ.

ಉಪಯೋಗದ ವಾದವೊಂದು ಇತ್ತು. ಹಿಂದಿನ ತಾಮ್ರದ ತಂತಿಯಲ್ಲಿ ಮಾತಿನ ಜೊತೆಗೆ ವಿದ್ಯುತ್ತೂ ಬರುತ್ತಿತ್ತು. ವಿನಿಮಯ ಕೇಂದ್ರದ ಬ್ಯಾಟರಿಗಳು 48 ವೋಲ್ಟಿನ ವಿದ್ಯುತ್ತನ್ನು ಮನೆಯ ಫೋನಿಗೆ ಕಳುಹಿಸುತ್ತಿದ್ದವು. ಆದ್ದರಿಂದ ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟು ಹೋದರೂ, ತಂತಿ ತುಂಡಾಗದಿದ್ದರೆ, ಫೋನು ಜೀವಂತವಾಗಿರುತ್ತಿತ್ತು. ಈಗ ನಮ್ಮ ಬೀದಿಗೆ ಗಾಜಿನ ಎಳೆಯ ಫೈಬರ್ ಬಂದಿದೆ. ಹಳೆಯ ಸಂಖ್ಯೆಯನ್ನೇನೋ ಉಳಿಸಿಕೊಟ್ಟರು; ಆದರೆ ಬೆಳಕನ್ನು ಒಯ್ಯುವ ಆ ಎಳೆಯಲ್ಲಿ ವಿದ್ಯುತ್ತು ಹರಿಯದು. ಗೋಡೆಯ ಮೇಲಿನ ಪೆಟ್ಟಿಗೆಗೆ ನಮ್ಮ ಮನೆಯ ಕರೆಂಟೇ ಬೇಕು. ಕರೆಂಟು ಹೋದರೆ ಫೋನೂ ಹೋಯಿತು. ಹಾಗಾಗಿ ಆ ವಾದವೂ ಬಿದ್ದುಹೋಯಿತು.

ಶಾಲೆಯ ಅಭ್ಯಾಸದಂತೆ ನಾನೊಂದು ಹಾಜರಿ ಪುಸ್ತಕ ತೆರೆದೆ. ಬಂದ ಪ್ರತಿಯೊಂದು ಕರೆಯನ್ನೂ ದಿನಾಂಕಸಹಿತ ಬರೆದೆ. ಮೂರು ವಾರಗಳಲ್ಲಿ ಹತ್ತೊಂಬತ್ತು ಕರೆಗಳು. ಅವುಗಳಲ್ಲಿ ಹನ್ನೊಂದು ಸಾಲ, ವಿಮೆ, ನಿವೇಶನಗಳ ಮಾರಾಟದವು. ಮೂರು ತಪ್ಪು ಸಂಖ್ಯೆಯವು. ಉಳಿದ ಐದು ಪರಿಚಿತರವು. ಅವರಲ್ಲಿ ನಾಲ್ವರ ಬಳಿ ನನ್ನ ಮೊಬೈಲ್ ಸಂಖ್ಯೆಯೂ ಇತ್ತು. ಲೆಕ್ಕ ಸ್ಪಷ್ಟವಾಗಿತ್ತು. ಸಂಪರ್ಕ ಹಿಂದಿರುಗಿಸುವ ಅರ್ಜಿಯನ್ನು ಬರೆದು ಮೇಜಿನ ಖಾನೆಯಲ್ಲಿಟ್ಟೆ.

ಇನ್ನು ನಾನು ಹೇಳಬೇಕಾದದ್ದನ್ನು ಇದುವರೆಗೆ ಹತ್ತಿರದ ಕೆಲವರಿಗೆ ಮಾತ್ರ ಹೇಳಿದ್ದೆ. ಎರಡು ವರ್ಷಗಳಿಂದ ನನ್ನ ಹೆಂಡತಿಗೆ ಮರೆವಿನ ಕಾಯಿಲೆ. ವಯಸ್ಸಿನ ಸಾಮಾನ್ಯ ಮರೆವಲ್ಲ. ಇದು ಮುಂದುವರಿಯುವಂಥದೆಂದು ವೈದ್ಯರು ತಿಳಿಸಿದ್ದಾರೆ. ಅವಳಿಗೆಂದು ತಂದ ಮೊಬೈಲು ಒಮ್ಮೆ ಅಕ್ಕಿಯ ಡಬ್ಬದಲ್ಲಿ ಸಿಕ್ಕಿತು, ಇನ್ನೊಮ್ಮೆ ದೇವರ ಮಂಟಪದ ಹಿಂದೆ.

ಕಾರ್ತೀಕ ಮಾಸದ ಒಂದು ಸಂಜೆ, ಎರಡು ಬೀದಿ ಆಚೆಯ ದೇವಸ್ಥಾನಕ್ಕೆ ದೀಪ ಹಚ್ಚಲು ಹೋದವಳು ಗಂಟೆಯಾದರೂ ಬರಲಿಲ್ಲ. ಮೂವತ್ತು ವರ್ಷಗಳಿಂದ ನಡೆದ ದಾರಿ. ಅದೊಂದು ತಪ್ಪುವುದಿಲ್ಲವೆಂದು ನಂಬಿದ್ದು ನನ್ನ ತಪ್ಪು. ಚಪ್ಪಲಿ ಮೆಟ್ಟಿ ಹೊರಡುವಷ್ಟರಲ್ಲಿ ಫೋನು ಬಡಿಯಿತು. ಮಾತನಾಡಿದವರು ಬಸ್ ನಿಲ್ದಾಣದ ಕಡೆಯ ಒಬ್ಬ ಅಂಗಡಿಯವರು. "ಒಬ್ಬ ತಾಯಿ ಇಲ್ಲಿ ಕೂತಿದ್ದಾರೆ. ಮನೆ ಎಲ್ಲಿ ಎಂದರೆ ಯಾವುದೋ ಬೇರೆ ಊರು ಹೇಳುತ್ತಾರೆ. ಫೋನ್ ನಂಬರ್ ಕೇಳಿದೆ, ತಟ್ಟನೆ ಹೇಳಿದರು. ಆದರೆ ಐದೇ ಅಂಕಿ. ಹಳೆಯ ನಂಬರಿರಬೇಕೆಂದು ಮೊದಲಿಗೆ ಒಂದು ಎರಡು ಸೇರಿಸಿ ಮಾಡಿ ನೋಡಿದೆ" ಎಂದರು.

2000ದ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಸಂಖ್ಯೆಗಳ ಮುಂದೆ 2 ಸೇರಿದ್ದು ನಿಮಗೆ ನೆನಪಿರಬಹುದು. ಅವಳ ನೆನಪಿನಲ್ಲಿ ಆ ಎರಡು ಉಳಿದಿಲ್ಲ. ಅವಳು ಹೇಳಿದ ಊರು ಅವಳ ತವರು. ನನ್ನ ಮೊಬೈಲ್ ಸಂಖ್ಯೆ ಅವಳಿಗೆ ಎಂದೂ ಬಾಯಿಗೆ ಬಂದಿರಲಿಲ್ಲ. ಬೀದಿಯವರಿಗಾಗಿ ಸಾವಿರ ಸಲ ಎತ್ತಿಕೊಂಡ ಫೋನಿನ ಆ ಐದು ಅಂಕಿಗಳು ಮಾತ್ರ ಎರಡರ ಮಗ್ಗಿಯಂತೆ ಒಳಗೆ ಕುಳಿತಿದ್ದವು. ಆ ಅಂಗಡಿಯವರು ನಡುವಯಸ್ಸು ದಾಟಿದವರಾಗಿದ್ದದ್ದು ನಮ್ಮ ಪುಣ್ಯ.

ಮರುದಿನ ಅರ್ಜಿಯನ್ನು ಹರಿದು ಹಾಕಿದೆ.

ಸುದ್ದಿ ಕೇಳಿದ ಮಗ ಸರಿಯಾದ ಆಕ್ಷೇಪವನ್ನೇ ಎತ್ತಿದ. ನಾನು ಎರಡು ನಿಮಿಷ ಮೊದಲು ಹೊರಟಿದ್ದರೆ ಆ ಕರೆಯನ್ನು ಎತ್ತುವವರು ಯಾರು? ಚೀಟಿಯಲ್ಲಿ ಮೊಬೈಲ್ ಸಂಖ್ಯೆ ಬರೆದು ಅವಳ ಚೀಲಕ್ಕೆ ಹೊಲಿದರೆ ಸಾಲದೆ? ಅವನ ಮಾತು ನಿಜ. ಚೀಟಿಯನ್ನು ಹೊಲಿದಿದ್ದೇವೆ. ನಾನು ಹೊರಗೆ ಹೋಗುವಾಗ ಮನೆಗೆ ಬಂದ ಕರೆ ನನ್ನ ಮೊಬೈಲಿಗೆ ತಿರುಗುವ ವ್ಯವಸ್ಥೆಯನ್ನೂ ಮಾಡಿಸಿದ್ದೇನೆ. ಅವಳನ್ನು ಒಬ್ಬಳೇ ಕಳುಹಿಸುವುದನ್ನು ನಿಲ್ಲಿಸಿದ್ದೇನೆ. ಆದರೂ ಚೀಲ ಎಲ್ಲೋ ಬಿಟ್ಟುಹೋಗಬಹುದು. ಅಷ್ಟೇ ಅಲ್ಲ, ಚೀಟಿಯನ್ನು ಓದುವವರು ಬೇರೆಯವರು. ಆ ಸಂಜೆ ಅವಳು ತಾನೇ ಬಾಯಿಬಿಟ್ಟು ಹೇಳಿ ಮನೆ ಸೇರಿದಳು. ಬರಬರುತ್ತ ಅವಳು ತಾನಾಗಿ ಹೇಳಬಲ್ಲ ಸಂಗತಿಗಳು ಕಡಿಮೆಯಾಗುತ್ತಿವೆ. ಉಳಿದದ್ದರಲ್ಲಿ ಒಂದನ್ನು ನಾನೇ ಸುಳ್ಳು ಮಾಡಲು ಹೊರಟಿದ್ದೆ. ಹಿಂದಿರುಗಿಸಿದ ಸಂಖ್ಯೆ ಮುಂದೊಂದು ದಿನ ಬೇರೆಯವರ ಪಾಲಾಗಬಹುದು. ಅವಳು ಹೇಳಿದ ಸಂಖ್ಯೆಗೆ ಯಾರೋ ಅಪರಿಚಿತರು "ರಾಂಗ್ ನಂಬರ್" ಎನ್ನುವುದನ್ನು ನಾನು ಕಲ್ಪಿಸಿಕೊಳ್ಳಲಾರೆ.

ಮೊಬೈಲಿಗೆ ಕನ್ನಡದಲ್ಲಿ ಜಂಗಮವಾಣಿ ಎಂಬ ಹೆಸರಿಟ್ಟವರು ಜಾಣರು. ಅದು ವ್ಯಕ್ತಿಯ ಜೊತೆ ತಿರುಗುತ್ತದೆ, ವ್ಯಕ್ತಿಯದು. ಸ್ಥಿರವಾಣಿ ಮನೆಯದು. ಮನೆಯನ್ನು ಹುಡುಕುತ್ತಿರುವವರು ಯಾರಾದರೂ ಇರುವವರೆಗೆ ಅದು ಇರಬೇಕು, ಇಲ್ಲದಿದ್ದರೆ ಬೇಡ. ಹಾಗಾಗಿ ಎಲ್ಲರೂ ಇಟ್ಟುಕೊಳ್ಳಿರೆಂದು ನಾನು ಹೇಳುವುದಿಲ್ಲ. ನನ್ನಂತೆ ಒಂದು ತಿಂಗಳು ಕರೆಗಳ ಪಟ್ಟಿ ಮಾಡಿರಿ. ಆದರೆ ಬಂದ ಕರೆಗಳನ್ನಷ್ಟೇ ಎಣಿಸುವ ತಪ್ಪು ಮಾಡಬೇಡಿರಿ. ಈ ಸಂಖ್ಯೆಯೊಂದನ್ನೇ ಬಲ್ಲವರು ಯಾರೆಂದು ಮನೆಯ ಹಿರಿಯರನ್ನು, ಅವರ ಹಳೆಯ ಡೈರಿಯನ್ನು ಕೇಳಿರಿ. ಯಾರೂ ಇಲ್ಲವೆಂದಾದರೆ ನಿಶ್ಚಿಂತೆಯಿಂದ ಹಿಂದಿರುಗಿಸಿರಿ. ಬ್ಯಾಂಕು, ಅಡುಗೆ ಅನಿಲ, ಪಿಂಚಣಿಯ ಕಾಗದಗಳಲ್ಲಿ ಹಳೆಯ ಸಂಖ್ಯೆಯಿದ್ದರೆ ಮೊದಲು ತಿದ್ದಿಸಿ, ಠೇವಣಿಯ ಹಣವನ್ನು ಮರೆಯದೆ ಕೇಳಿ ಪಡೆಯಿರಿ. ಇಟ್ಟುಕೊಳ್ಳುವುದಾದರೆ, ಕರೆ ಮಾಡಿದವರ ಸಂಖ್ಯೆ ತೋರಿಸುವ ಉಪಕರಣವನ್ನೇ ಇಡಿರಿ. ಪೊಲೀಸರೆಂದು ಹೆದರಿಸಿ ಹಣ ಕೀಳುವ ವಂಚಕರು ವೃದ್ಧರಿರುವ ಮನೆಗಳನ್ನೇ ಹುಡುಕುತ್ತಾರೆ. ಅಂಥದಕ್ಕೆ ಸಿಲುಕಿದರೆ ತಡಮಾಡದೆ 1930ಕ್ಕೆ ತಿಳಿಸಬೇಕು.

ನಮ್ಮ ಮನೆಯ ಫೋನಿಗೂ ಒಂದು ದಿನ ವಿದಾಯ ಹೇಳಬೇಕಾದೀತು. ಆ ಐದು ಅಂಕಿಗಳೂ ಅವಳಿಂದ ಜಾರಿಹೋದ ಮೇಲೆ ನಾನು ಅದನ್ನು ಇಟ್ಟುಕೊಂಡಿರುವುದಿಲ್ಲ. ಅಲ್ಲಿಯವರೆಗೆ ನಿಮ್ಮಲ್ಲಿ ನನ್ನದೊಂದು ವಿನಂತಿ. ನನ್ನ ಮೊಬೈಲ್ ಸಂಖ್ಯೆ ನಿಮ್ಮಲ್ಲಿದ್ದರೂ ಆಗಾಗ ಮನೆಯ ಫೋನಿಗೆ ಮಾಡಿರಿ. ಗಂಟೆ ಬಡಿದರೆ ಅವಳು ಈಗಲೂ ಎದ್ದು ಹೋಗುತ್ತಾಳೆ. ಅವಳು ಎತ್ತಿಕೊಂಡರೆ "ನಾನು ಯಾರು ಹೇಳಿ ನೋಡೋಣ" ಎಂದು ಮಾತ್ರ ಕೇಳಬೇಡಿರಿ. ಹೆಸರನ್ನು ಹೇಳಿರಿ, ಯಾವ ವರ್ಷದ ತಂಡವೆಂದು ಹೇಳಿರಿ, ನಿಧಾನವಾಗಿ ಹೇಳಿರಿ. ಅವಳಿಗೆ ಗುರುತು ಹತ್ತದಿದ್ದರೂ, "ಕಾಫಿ ಕುಡಿದು ಹೋಗಪ್ಪ" ಎಂದು ಕರೆಯುತ್ತಾಳೆ. ಬಂದರೆ ಕಾಫಿ ನಾನು ಮಾಡಿಕೊಡುತ್ತೇನೆ.