ಅಂಕಣ ತೊರೆದವರು, ವೇದಿಕೆ ಇಳಿದವರು

ಕ್ರೀಡೆಯು ರಾಷ್ಟ್ರ ರಾಷ್ಟ್ರಗಳನ್ನು ಒಂದುಗೂಡಿಸುತ್ತದೆಂಬ ಮಾತು ಕ್ರೀಡೋತ್ಸವಗಳ ಉದ್ಘಾಟನಾ ಭಾಷಣಗಳಲ್ಲಿ ತಪ್ಪದೆ ಕೇಳಿಬರುತ್ತದೆ. ಸಭಿಕರು ಕರತಾಡನ ಮಾಡುತ್ತಾರೆ. ಮಾತಿನ ಸತ್ಯಾಸತ್ಯತೆಯನ್ನು ಒರೆಗೆ ಹಚ್ಚುವ ಗೋಜಿಗೆ ಯಾರೂ ಹೋಗುವುದಿಲ್ಲ. ಒರೆಗೆ ಹಚ್ಚಬೇಕೆಂಬ ಮನಸ್ಸುಳ್ಳವರಿಗೆ 1995ನೆಯ ಇಸವಿ ಜುಲೈ 2ರಂದು ಗ್ರೀಸ್ ದೇಶದ ಅಥೆನ್ಸಿನಲ್ಲಿ ನಡೆದ ಯೂರೋಪಿನ ಪುರುಷರ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯಕ್ಕಿಂತ ಉತ್ತಮವಾದ ನಿದರ್ಶನ ದೊರೆಯುವುದು ಕಷ್ಟ. ಅಂದು ಯುಗೊಸ್ಲಾವಿಯ ತಂಡವು ಲಿಥುವೇನಿಯ ತಂಡವನ್ನು 96-90 ಅಂಕಗಳಿಂದ ಸೋಲಿಸಿತು. ಅದೇ ದಿನ, ಅದೇ ಕ್ರೀಡಾಮಂದಿರದಲ್ಲಿ, ಎರಡು ತಂಡಗಳು ತಾವು ನಿಂತಿದ್ದ ಸ್ಥಳವನ್ನು ಬಿಟ್ಟು ಹೊರನಡೆದವು. ಒಂದು ಹಿಂದಿರುಗಿತು, ಮತ್ತೊಂದು ಹಿಂದಿರುಗಲಿಲ್ಲ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ‘ಕ್ರೀಡಾಮನೋಭಾವದ ಅಭಾವ’ವೆಂದು ತೀರ್ಪಿತ್ತು ಮುಗಿಸುವುದು ಸುಲಭ. ಆದರೆ ಅದು ನ್ಯಾಯವಲ್ಲ.

ಈ ಪಂದ್ಯದ ಮರ್ಮವನ್ನು ಅರಿಯಬೇಕಾದರೆ ಏಳು ವರ್ಷ ಹಿಂದಕ್ಕೆ ಹೋಗಬೇಕು. 1988ರ ಸೋಲ್ ಒಲಿಂಪಿಕ್ಸಿನಲ್ಲಿ ಸೋವಿಯತ್ ಒಕ್ಕೂಟವು ಯುಗೊಸ್ಲಾವಿಯವನ್ನು 76-63ರಿಂದ ಸೋಲಿಸಿ ಚಿನ್ನದ ಪದಕವನ್ನು ಗೆದ್ದಿತು. ಸೋವಿಯತ್ ಪಕ್ಷದಲ್ಲಿ ಅರ್ವಿದಾಸ್ ಸಬೋನಿಸ್, ಶಾರೂನಾಸ್ ಮಾರ್ಚುಲಿಯೋನಿಸ್ ಮೊದಲಾದ ನಾಲ್ವರು ಲಿಥುವೇನಿಯದವರಿದ್ದರು. ಎದುರು ಪಕ್ಷದಲ್ಲಿ ಕ್ರೊಯೇಷಿಯದ ದ್ರಾಜೆನ್ ಪೆಟ್ರೋವಿಚ್, ಟೋನಿ ಕುಕೋಚ್, ದಿನೋ ರಾಜಾ, ಸರ್ಬಿಯದ ವ್ಲಾದೆ ದಿವಾಟ್ಸ್ ಮೊದಲಾದವರು ಹೆಗಲಿಗೆ ಹೆಗಲು ಕೊಟ್ಟು ಆಡಿದ್ದರು. ಅಂದು ಎದುರುಬದುರಾಗಿ ನಿಂತ ಆ ಎರಡು ಮಹಾರಾಜ್ಯಗಳೂ ಮುಂದಿನ ನಾಲ್ಕೇ ವರ್ಷಗಳಲ್ಲಿ ಒಡೆದು ಹೋದವು. ಧ್ವಜಗಳು ಬದಲಾದವು, ನಾಡಗೀತೆಗಳು ಬದಲಾದವು. ಆಟಗಾರರು ಮಾತ್ರ ಅವರೇ.

ಲಿಥುವೇನಿಯ ನಲವತ್ತು ಲಕ್ಷಕ್ಕೂ ಕಡಿಮೆ ಜನಸಂಖ್ಯೆಯ ಪುಟ್ಟ ದೇಶ. 1937 ಮತ್ತು 1939ರಲ್ಲಿ ಯೂರೋಪಿನ ಚಾಂಪಿಯನ್ ಆಗಿ ಮೆರೆದ ಆ ದೇಶ 1940ರಲ್ಲಿ ಸೋವಿಯತ್ ಒಕ್ಕೂಟದ ಪಾಲಾಯಿತು. ಅಲ್ಲಿಂದ ಮುಂದೆ ಅದರ ಮಕ್ಕಳು ಗೆದ್ದ ಪದಕಗಳೆಲ್ಲ ಅನ್ಯರ ಲೆಕ್ಕಕ್ಕೆ ಬರೆಯಲ್ಪಟ್ಟವು. 1990ರ ಮಾರ್ಚಿಯಲ್ಲಿ ಸ್ವಾತಂತ್ರ್ಯವನ್ನು ಸಾರಿ, 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಕಂಚಿನ ಪದಕವನ್ನು ಗಳಿಸಿದ ತಂಡ ಅದು. ಕಂಚಿಗಾಗಿ ನಡೆದ ಆ ಪಂದ್ಯದಲ್ಲಿ ಸೋತವರು ಹಳೆಯ ಸೋವಿಯತ್ ಗಣರಾಜ್ಯಗಳ ಸಂಯುಕ್ತ ತಂಡದವರೆಂಬುದನ್ನು ನೆನೆದರೆ, ಅಥೆನ್ಸಿನ ಚಿನ್ನವು ಅವರಿಗೆ ಏನಾಗಿತ್ತೆಂಬುದನ್ನು ಬೇರೆ ವಿವರಿಸಬೇಕಾಗಿಲ್ಲ. ಐವತ್ತಾರು ವರ್ಷಗಳ ನಿರೀಕ್ಷೆ ಅದು.

ಯುಗೊಸ್ಲಾವಿಯದ ಕಥೆ ಇನ್ನೂ ದಾರುಣ. 1989ರಲ್ಲಿ ಜಾಗ್ರೆಬ್ ನಗರದಲ್ಲಿ ಆ ದೇಶದ ತಂಡ ಯೂರೋಪಿನ ಪ್ರಶಸ್ತಿಯನ್ನು ಗೆದ್ದಾಗ ಪೆಟ್ರೋವಿಚ್ ಮತ್ತು ದಿವಾಟ್ಸ್ ಅಣ್ಣತಮ್ಮಂದಿರಂತೆ ಇದ್ದರು. ಮರುವರ್ಷ ಬ್ಯೂನಸ್ ಐರಿಸ್‌ನಲ್ಲಿ ವಿಶ್ವ ಪ್ರಶಸ್ತಿಯೂ ಒಲಿಯಿತು. ಆ ಸಂಭ್ರಮದ ನಡುವೆ ಪ್ರೇಕ್ಷಕನೊಬ್ಬ ಕ್ರೊಯೇಷಿಯದ ಧ್ವಜವನ್ನು ಹಿಡಿದು ಅಂಕಣಕ್ಕೆ ನುಗ್ಗಿದನು. ದಿವಾಟ್ಸ್ ಅದನ್ನು ಅವನ ಕೈಯಿಂದ ಕಸಿದರು. ಒಂದು ತುಂಡು ಬಟ್ಟೆ ಎರಡು ಮನಸ್ಸುಗಳ ನಡುವೆ ಗೋಡೆಯಾಯಿತು. 1991ರ ಜೂನ್ ತಿಂಗಳಲ್ಲಿ ರೋಮಿನಲ್ಲಿ ಚಾಂಪಿಯನ್‌ಷಿಪ್ ನಡೆಯುತ್ತಿದ್ದಾಗಲೇ ಸ್ಲೊವೇನಿಯ ಮತ್ತು ಕ್ರೊಯೇಷಿಯಗಳು ಸ್ವಾತಂತ್ರ್ಯವನ್ನು ಘೋಷಿಸಿದವು. ಸ್ಲೊವೇನಿಯದ ಯೂರೆ ಜ್ಡೋವ್ಟ್ಸ್ ತಮ್ಮ ಸರ್ಕಾರದ ಆದೇಶದಂತೆ ಉಪಾಂತ್ಯ ಪಂದ್ಯಕ್ಕೆ ಮುನ್ನವೇ ತಂಡವನ್ನು ತೊರೆದರು. ಉಳಿದವರು ಆಡಿದರು, ಗೆದ್ದರು. ಆ ದಿನ ಸರ್ಬಿಯದ ಅಲೆಕ್ಸಾಂದರ್ ಜಾರ್ಜೆವಿಚ್, ದಿವಾಟ್ಸ್‌ರೂ ಕ್ರೊಯೇಷಿಯದ ಕುಕೋಚ್, ರಾಜಾರೂ ವಿಜಯವೇದಿಕೆಯ ಒಂದೇ ಮೆಟ್ಟಿಲ ಮೇಲೆ ನಿಂತಿದ್ದರು. ಮತ್ತೆ ಎಂದೂ ಹಾಗೆ ನಿಲ್ಲಲಿಲ್ಲ.

ಬಳಿಕ ಯುದ್ಧ ಬಂದಿತು. 1992ರಲ್ಲಿ ವಿಶ್ವಸಂಸ್ಥೆಯ ದಿಗ್ಬಂಧನವು ಸರ್ಬಿಯ ಹಾಗೂ ಮಾಂಟೆನೀಗ್ರೊಗಳಷ್ಟೇ ಉಳಿದಿದ್ದ ಯುಗೊಸ್ಲಾವಿಯದ ತಂಡಗಳನ್ನು ಅಂತರರಾಷ್ಟ್ರೀಯ ಕ್ರೀಡೆಯಿಂದ ಹೊರಗಿಟ್ಟಿತು. ಬಾರ್ಸಿಲೋನಾ ಹೋಯಿತು, 1993ರ ಯೂರೋಪಿಯನ್ ಪಂದ್ಯಾವಳಿಯೂ ಹೋಯಿತು. ಆಳುವವರ ಅಪರಾಧಕ್ಕೆ ಆಡುವವರನ್ನು ದಂಡಿಸುವುದು ಸರಿಯೇ ಎಂಬ ಪ್ರಶ್ನೆ ಅಂದು ಎದ್ದಿತು; ಮುತ್ತಿಗೆಗೆ ಸಿಲುಕಿದ ಸಾರಾಯೆವೊ ನಗರದ ಮಕ್ಕಳಿಗೆ ಆಡಲು ಬೀದಿಯೂ ಉಳಿದಿರದಿದ್ದಾಗ ಆ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳುವುದಕ್ಕೂ ಸಂಕೋಚಪಡಬೇಕಾಗಿತ್ತು. 1993ರ ಜೂನ್ 7ರಂದು ಪೆಟ್ರೋವಿಚ್ ಜರ್ಮನಿಯಲ್ಲಿ ರಸ್ತೆ ಅಪಘಾತದಲ್ಲಿ ಮೃತರಾದರು. ವಯಸ್ಸು ಇಪ್ಪತ್ತೆಂಟು. ದಿವಾಟ್ಸ್ ಜೊತೆಗಿನ ಮಾತು ಮುರಿದೇ ಉಳಿಯಿತು.

ದಿಗ್ಬಂಧನವು ಕ್ರೀಡೆಯ ಮಟ್ಟಿಗೆ 1994ರಲ್ಲಿ ಸಡಿಲಾಯಿತು. ಸೋಫಿಯಾದಲ್ಲಿ ನಡೆದ ವಿಶೇಷ ಅರ್ಹತಾ ಸುತ್ತಿನಲ್ಲಿ ಗೆದ್ದು ಯುಗೊಸ್ಲಾವಿಯ ಅಥೆನ್ಸಿಗೆ ಬಂದಿತು. ಉಪಾಂತ್ಯದಲ್ಲಿ ಆತಿಥೇಯ ಗ್ರೀಸ್ ತಂಡವನ್ನೇ 60-52ರಿಂದ ಮಣಿಸಿದ್ದರಿಂದ, ಅಂತಿಮ ಪಂದ್ಯದಲ್ಲಿ ಅಲ್ಲಿನ ಪ್ರೇಕ್ಷಕರು ಯಾರ ಪಕ್ಷ ವಹಿಸಿದರೆಂಬುದನ್ನು ಊಹಿಸಬಹುದು. ಲಿಥುವೇನಿಯವು ಕ್ರೊಯೇಷಿಯವನ್ನು ಸೋಲಿಸಿ ಬಂದಿತ್ತು.

ಪಂದ್ಯ ಹೇಗಿತ್ತೆಂದರೆ, ಬ್ಯಾಸ್ಕೆಟ್‌ಬಾಲ್ ಬಲ್ಲವರು ಇಂದಿಗೂ ಅದರ ಚಿತ್ರೀಕರಣವನ್ನು ಹುಡುಕಿ ನೋಡುತ್ತಾರೆ. ಬುಟ್ಟಿಯಿಂದ 6.25 ಮೀಟರ್ ದೂರದ ಕಮಾನುಗೆರೆಯ ಹೊರಗಿನಿಂದ ಎಸೆದ ಚೆಂಡು ಬುಟ್ಟಿಗೆ ಬಿದ್ದರೆ ಎರಡರ ಬದಲು ಮೂರು ಅಂಕ ಎಂಬುದು ಅಂದಿನ ನಿಯಮ. ಜಾರ್ಜೆವಿಚ್ ಅಂತಹ ಒಂಬತ್ತು ಎಸೆತಗಳನ್ನು ಬುಟ್ಟಿಗೆ ಹಾಕಿ ಒಟ್ಟು 41 ಅಂಕ ಗಳಿಸಿದರು. ಇತ್ತ ಮಾರ್ಚುಲಿಯೋನಿಸ್ 32 ಅಂಕ ಗಳಿಸಿದರು. ಪಂದ್ಯಾವಳಿಯ ಶ್ರೇಷ್ಠ ಆಟಗಾರನೆಂಬ ಗೌರವ ಸಂದದ್ದು ಸೋತ ಪಕ್ಷದ ಅವರಿಗೇ.

ಕೊನೆಯ ಘಟ್ಟದಲ್ಲಿ ನಿರ್ಣಾಯಕರ ತೀರ್ಪುಗಳು ತಮಗೆ ಅನ್ಯಾಯ ಮಾಡಿದವೆಂದು ಲಿಥುವೇನಿಯದವರು ಕುಪಿತರಾದರು. ಆಟ ನಿಂತಿತು. ತಂಡವು ಅಂಕಣವನ್ನು ತೊರೆಯಿತು. ಆಡಲು ನಿರಾಕರಿಸಿದ ತಂಡ ಸೋತಂತೆ ಎಂಬುದು ನಿಯಮ. ಯುಗೊಸ್ಲಾವಿಯದವರು ತೆಪ್ಪಗೆ ನಿಂತಿದ್ದರೆ ಸಾಕಿತ್ತು, ಪ್ರಶಸ್ತಿ ತಾನಾಗಿ ಕೈಸೇರುತ್ತಿತ್ತು. ಆದರೆ ಜಾರ್ಜೆವಿಚ್ ಎದುರಾಳಿಗಳ ಬಳಿಗೆ ಹೋದರು. ಮಾರ್ಚುಲಿಯೋನಿಸರೊಡನೆ ಮಾತನಾಡಿ, ಆಟವನ್ನು ಪೂರ್ತಿ ಮಾಡುವಂತೆ ಮನವೊಲಿಸಿದರು. ಲಿಥುವೇನಿಯದವರು ಮರಳಿ ಬಂದರು, ಆಡಿದರು, ಸೋತರು. ಜಾರ್ಜೆವಿಚ್ ತಮ್ಮ ಗೆಲುವಿಗೆ ಕಳಂಕ ತಟ್ಟಬಾರದೆಂಬ ಸ್ವಾರ್ಥದಿಂದಲೇ ಹಾಗೆ ಮಾಡಿರಬಹುದೆಂದು ಶಂಕಿಸುವವರಿದ್ದಾರೆ. ಇರಲಿ. ಎದುರಾಳಿಯಿಲ್ಲದೆ ತನ್ನ ಗೆಲುವು ಗೆಲುವಲ್ಲವೆಂದು ಬಗೆಯುವುದು ಸ್ವಾರ್ಥವಾದರೆ ಅಂತಹ ಸ್ವಾರ್ಥ ಇನ್ನಷ್ಟು ಜನರಿಗೆ ಬರಲಿ. ನುಡಿಗಿಂತ ನಡೆಯನ್ನು ಹಿರಿದೆಂದು ಕಂಡ ಶರಣ ಪರಂಪರೆಯ ನೆರಳಿನಲ್ಲಿ ಬೆಳೆದವರಿಗಂತೂ ಮನದೊಳಗಿನ ಉದ್ದೇಶವನ್ನು ಕೆದಕುವುದಕ್ಕಿಂತ, ಅವರು ನಡೆದು ಹೋದ ಆ ಹತ್ತಾರು ಹೆಜ್ಜೆಗಳೇ ಮುಖ್ಯವೆನಿಸಬೇಕು.

ಲಿಥುವೇನಿಯದವರು ಅಂಕಣ ತೊರೆದದ್ದು ತಪ್ಪು. ಅವರ ನೋವು ಎಷ್ಟೇ ದೊಡ್ಡದಾಗಿರಲಿ, ತೀರ್ಪು ಎಷ್ಟೇ ವಕ್ರವಾಗಿರಲಿ, ನಿರ್ಣಾಯಕನ ಸೀಟಿಗೆ ತಲೆಬಾಗುವೆವೆಂದು ಒಪ್ಪಿಯೇ ಅಂಕಣಕ್ಕೆ ಇಳಿದವರು ಅವರು. ಅವರ ಜಗಳ ಆಟದ ಒಳಗಿನದು, ಅದರ ಪರಿಹಾರವೂ ಆಟದ ಒಳಗೇ ದೊರೆಯಿತು.

ಪದಕ ಪ್ರದಾನದ ಹೊತ್ತಿನ ಘಟನೆ ಬೇರೆಯೇ ಜಾತಿಯದು. ಗ್ರೀಸನ್ನು 73-68ರಿಂದ ಸೋಲಿಸಿ ಮೂರನೆಯ ಸ್ಥಾನ ಪಡೆದಿದ್ದ ಕ್ರೊಯೇಷಿಯದ ಆಟಗಾರರು, ಯುಗೊಸ್ಲಾವಿಯದವರ ಕೊರಳಿಗೆ ಚಿನ್ನ ಬೀಳುವ ಮುನ್ನ ವೇದಿಕೆಯಿಂದ ಇಳಿದು ಹೊರಟುಹೋದರು. ಕುಕೋಚ್ ಮತ್ತು ರಾಜಾ ಆ ತಂಡದಲ್ಲಿದ್ದರು. ನಾಲ್ಕು ವರ್ಷಗಳ ಹಿಂದೆ ಮೊದಲ ಮೆಟ್ಟಿಲನ್ನು ಹಂಚಿಕೊಂಡವರು ಈಗ ಮೂರನೆಯ ಮೆಟ್ಟಿಲಲ್ಲಿ ನಿಂತು ಹಳೆಯ ಸಂಗಾತಿಗಳ ನಾಡಗೀತೆಯನ್ನು ಕೇಳಲಾರದೆ ಹೋದರು. ಜಗತ್ತಿನ ಪತ್ರಿಕೆಗಳು ಅದನ್ನು ಅಸಭ್ಯವೆಂದವು. ಆದರೆ ಅದಕ್ಕೆ ಎರಡೇ ತಿಂಗಳ ಹಿಂದೆ, ಮೇ 2 ಮತ್ತು 3ರಂದು, ಸರ್ಬ್ ಬಂಡಾಯ ಪಡೆಗಳು ಜಾಗ್ರೆಬ್ ನಗರದ ಮೇಲೆ ರಾಕೆಟ್ಟುಗಳನ್ನು ಸುರಿಸಿ ಏಳು ಜನರನ್ನು ಕೊಂದಿದ್ದವು. ಅಂತಿಮ ಪಂದ್ಯವಾದ ಒಂಬತ್ತೇ ದಿನಕ್ಕೆ ಬೋಸ್ನಿಯದ ಸ್ರೆಬ್ರೆನಿತ್ಸ ಸರ್ಬ್ ಸೈನ್ಯದ ವಶವಾಗಿ ಸಾವಿರಾರು ಮಂದಿ ಹತರಾದರು. ಆಗಸ್ಟಿನಲ್ಲಿ ಕ್ರೊಯೇಷಿಯದ ಸೈನ್ಯ ಮುನ್ನುಗ್ಗಿದಾಗ ಲಕ್ಷಾಂತರ ಸರ್ಬರು ಮನೆಮಠ ತೊರೆದು ಓಡಿದರು. ಇಂತಹ ಬೇಸಗೆಯಲ್ಲಿ ಐದು ನಿಮಿಷ ಸುಮ್ಮನೆ ನಿಲ್ಲಬೇಕಾಗಿತ್ತೆಂದು ದೂರದವರು ಹೇಳುವುದು ಎಷ್ಟು ಸರಿ?

ಅವರು ಆಡಬೇಕಾದ ಪಂದ್ಯಗಳನ್ನೆಲ್ಲ ಆಡಿ ಮುಗಿಸಿದ್ದರು. ಯಾರ ಆಟವನ್ನೂ ಕೆಡಿಸಲಿಲ್ಲ, ಯಾರ ಪದಕವನ್ನೂ ಕಸಿಯಲಿಲ್ಲ. ಕ್ರೀಡೆಯು ಅವರಿಂದ ಕೇಳಬಹುದಾದದ್ದನ್ನು ಕೊಟ್ಟಿದ್ದರು; ಸ್ನೇಹವನ್ನು ಕೇಳುವ ಅಧಿಕಾರ ಯಾವ ಕ್ರೀಡಾ ಮಂಡಳಿಗೂ ಇಲ್ಲ. ಹಾಗೆಂದು ಅವರ ನಡೆ ಮೆಚ್ಚತಕ್ಕದ್ದೂ ಅಲ್ಲ. ಮೊದಲ ಮೆಟ್ಟಿಲ ಮೇಲಿದ್ದವರು ರಾಕೆಟ್ಟು ಹಾರಿಸಿದವರಲ್ಲ, ಜೊತೆಯಲ್ಲಿ ಉಂಡವರು, ಒಂದೇ ಬಸ್ಸಿನಲ್ಲಿ ಊರೂರು ಸುತ್ತಿದವರು. ಇದನ್ನು ಕುಕೋಚ್ ಬಲ್ಲರು, ರಾಜಾ ಬಲ್ಲರು. ಬಲ್ಲವರೂ ಇಳಿದು ಹೋಗುವಂತಾದುದು ಆ ದಿನದ ನಿಜವಾದ ದುರಂತ.

ಪೆಟ್ರೋವಿಚ್‌ರ ಸಮಾಧಿ ಜಾಗ್ರೆಬ್ ನಗರದ ಮಿರೊಗೊಯ್ ರುದ್ರಭೂಮಿಯಲ್ಲಿದೆ. 2010ರಲ್ಲಿ ತೆರೆಗೆ ಬಂದ ಸಾಕ್ಷ್ಯಚಿತ್ರವೊಂದಕ್ಕಾಗಿ ದಿವಾಟ್ಸ್ ಬಹು ವರ್ಷಗಳ ಬಳಿಕ ಆ ನಗರದ ಬೀದಿಗಳಲ್ಲಿ ನಡೆದರು; ಗೆಳೆಯನ ತಾಯಿಯ ಮನೆಗೆ ಹೋಗಿ ಕುಳಿತು ಮಾತನಾಡಿದರು; ಕೊನೆಗೆ ಆ ಸಮಾಧಿಯ ಬಳಿ ಬಂದು ನಿಂತರು.